ಹಿತ್ತಲ ಮಣ್ಣಿಗೆ ಮರಳಿ ಕಸುವು

ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಂಗಳದ ಕಾಯಿಪಲ್ಲೆ ತೋಟದ ಮಣ್ಣು ಸತ್ವ ಕಳೆದುಕೊಂಡಿದೆ ಎಂಬ ದೂರನ್ನು ಹೊತ್ತ ಪತ್ರಗಳು ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬರುತ್ತಲೇ ಇವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಸುಮಾರು ಅರ್ಧ ಗುಂಟೆ ಎರೆ ಭೂಮಿ ಇದ್ದು, ಬದನೆ, ಟೊಮೆಟೊ, ಮೆಣಸಿನಕಾಯಿ, ಮೆಂತ್ಯೆ, ಪಾಲಕ ಬೆಳೆಯುತ್ತ ಬಂದಿದ್ದೇವೆ. ಮೊದಲು ನೆರೆಹೊರೆಯವರಿಗೂ ಹಂಚುವಷ್ಟು ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಗಿಡಗಳು ಮೊಳಕಾಲುದ್ದಕ್ಕೇ ನಿಲ್ಲುತ್ತವೆ, ಚಿಗುರೆಲೆಗಳು ಹಳದಿಯಾಗುತ್ತವೆ, ಹಾಯಿಸಿದ ನೀರು ಇಂಗದೆ ಮಡಿಯಲ್ಲೇ ನಿಲ್ಲುತ್ತದೆ, ಒಣಗಿದ ಮೇಲೆ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಡಿಎಪಿ ಕೊಟ್ಟಿದ್ದೇವೆ, ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ, ಮೂಳೆಪುಡಿ ಎಲ್ಲವನ್ನೂ ಹಾಕಿದ್ದೇವೆ. ನೀರು ಕೊಳವೆಬಾವಿಯದು. ಮಣ್ಣನ್ನೇ ತೆಗೆಸಿ ಬೇರೆ ಹಾಕಿಸಬೇಕೆ?
(ನಿವೃತ್ತ ಶಿಕ್ಷಕರೊಬ್ಬರು, ವಿಜಯಪುರ)

ಉತ್ತರ: ಮಣ್ಣು ಬದಲಿಸುವ ಅಗತ್ಯವಿಲ್ಲ. ಬದಲಿಸಿದರೂ ಅದೇ ನೀರು ಹರಿಯುತ್ತ, ಅದೇ ಬೂದಿ ಬೀಳುತ್ತ ಇದ್ದರೆ ಹೊಸ ಮಣ್ಣೂ ಕೆಲವೇ ವರ್ಷಗಳಲ್ಲಿ ಹಳೆಯದರ ಸ್ಥಿತಿಗೆ ಬರುತ್ತದೆ. ತಮ್ಮ ಪತ್ರದಲ್ಲಿ ಮೂರು ಲಕ್ಷಣಗಳು ಸ್ಪಷ್ಟವಾಗಿವೆ: ನೀರು ಇಂಗುತ್ತಿಲ್ಲ, ಬಿಳಿ ಪುಡಿ ಕಾಣುತ್ತಿದೆ, ಹಳೆಯ ಎಲೆ ಹಸಿರಾಗಿದ್ದು ಚಿಗುರೆಲೆ ಮಾತ್ರ ಹಳದಿಯಾಗುತ್ತಿದೆ. ಇವು ಮೂರೂ ಒಟ್ಟಿಗೆ ಕಂಡಾಗ ಮಣ್ಣಿನಲ್ಲಿ ಪೋಷಕಾಂಶ ತೀರಿಹೋಗಿದೆ ಎಂದು ತಿಳಿಯಬಾರದು. ಇರುವುದನ್ನು ಬೇರಿಗೆ ತಲುಪಿಸುವ ಶಕ್ತಿಯನ್ನು ಮಣ್ಣು ಕಳೆದುಕೊಂಡಿದೆ ಎಂದು ತಿಳಿಯಬೇಕು. ಸಾರಜನಕದ ಕೊರತೆಯಾಗಿದ್ದರೆ ಹಳದಿ ಬಣ್ಣ ಕೆಳಗಿನ ಹಳೆಯ ಎಲೆಗಳಿಂದ ಆರಂಭವಾಗುತ್ತಿತ್ತು. ಚಿಗುರೆಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳುಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆ.

ವಿಜಯಪುರ ಸೀಮೆಯ ಎರೆ ಮಣ್ಣು ಕಪ್ಪು ಬಸಾಲ್ಟ್ ಶಿಲೆ ಸವೆದು ಆದದ್ದು. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಜೇಡಿ ಇದರಲ್ಲಿ ಹೆಚ್ಚು. ಇಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಹೇರಳವಾಗಿರುತ್ತದೆ, ಸುಣ್ಣವೂ ಸಾಕಷ್ಟಿರುತ್ತದೆ, ರಸಸಾರ (ಮಣ್ಣಿನ ಹುಳಿ, ಕ್ಷಾರಗಳ ಅಳತೆಯಾದ ಪಿಎಚ್; 7 ಮೀರಿದರೆ ಕ್ಷಾರ) ಬಹಳಷ್ಟು ಕಡೆ 8ರ ಮೇಲಿರುತ್ತದೆ. ಕಡಿಮೆ ಇರುವುದು ಸಾವಯವ ಅಂಶ ಮತ್ತು ಸಾರಜನಕ. ಸತು ಮತ್ತು ಕಬ್ಬಿಣ ಮಣ್ಣಿನಲ್ಲಿದ್ದರೂ ಈ ಕ್ಷಾರದಲ್ಲಿ ಕರಗದೆ ಕುಳಿತುಬಿಡುತ್ತವೆ. ಈ ಹಿನ್ನೆಲೆಯಲ್ಲಿ ತಾವು ಹಾಕಿದ ವಸ್ತುಗಳನ್ನು ನೋಡಿದರೆ, ಕಟ್ಟಿಗೆಯ ಬೂದಿ ಸ್ವತಃ ಕ್ಷಾರ, ಮೊಟ್ಟೆಯ ಸಿಪ್ಪೆ ಬರೀ ಸುಣ್ಣ. ಉಪ್ಪು ಹೆಚ್ಚಾದ ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿದಂತಾಯಿತು. ಮೂಳೆಪುಡಿಯಲ್ಲಿರುವ ರಂಜಕವು ಹುಳಿ ಮಣ್ಣಿನಲ್ಲಿ ಮಾತ್ರ ಕರಗಿ ಗಿಡಕ್ಕೆ ಸಿಗುತ್ತದೆ. ಎರೆಯಲ್ಲಿ ಅದು ಬಿದ್ದಲ್ಲಿಯೇ ಬಿದ್ದಿರುತ್ತದೆ. ಡಿಎಪಿಯ ರಂಜಕವೂ ಸುಣ್ಣದೊಂದಿಗೆ ಕಟ್ಟಿಕೊಂಡು ಶೇಖರವಾಗುತ್ತ ಹೋಗುತ್ತದೆ, ಹೀಗೆ ಶೇಖರವಾದ ರಂಜಕವು ಸತುವನ್ನು ಗಿಡ ಹೀರಿಕೊಳ್ಳದಂತೆ ತಡೆಯುತ್ತದೆ. ಮೊಬೈಲ್‌ನಲ್ಲಿ ನೋಡುವ ಕೈತೋಟದ ಸಲಹೆಗಳಲ್ಲಿ ಬಹುಪಾಲು ಮಳೆ ಹೆಚ್ಚಿರುವ, ಹುಳಿ ಮಣ್ಣಿನ ಪ್ರದೇಶಗಳವರು ತಮ್ಮ ಅನುಭವದಿಂದ ಕೊಟ್ಟವು. ಅವರಿಗೆ ಅವು ಸರಿ. ಎರೆ ಭೂಮಿಯವರು ಅದನ್ನೇ ಪಾಲಿಸಿದರೆ ಹಣ ಕೊಟ್ಟು ತೊಂದರೆ ತಂದುಕೊಂಡಂತೆ. ಆದ್ದರಿಂದ ಮೊದಲ ಕೆಲಸವೆಂದರೆ ಈ ನಾಲ್ಕನ್ನೂ ನಿಲ್ಲಿಸುವುದು.

ಎರಡನೆಯದು ನೀರು. ಬಿಳಿ ಪುಡಿಯ ಮೂಲ ಬಹುಮಟ್ಟಿಗೆ ಕೊಳವೆಬಾವಿಯ ನೀರೇ ಆಗಿರುತ್ತದೆ. ಆವಿಯಾಗಿ ಹೋಗುವುದು ಬರೀ ನೀರು. ಅದರೊಳಗಿನ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಪ್ರದೇಶದಲ್ಲಿ ಆ ಲವಣವನ್ನು ತೊಳೆದು ಕೆಳಗಿಳಿಸುವಷ್ಟು ನೀರು ಆಕಾಶದಿಂದ ಬರುವುದಿಲ್ಲ. ಆ ಲವಣದಲ್ಲಿ ಸೋಡಿಯಂ ಪಾಲು ಹೆಚ್ಚಿದ್ದರೆ ಇನ್ನೊಂದು ತೊಂದರೆ ಸೇರುತ್ತದೆ. ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡು, ಒಂದಕ್ಕೊಂದು ಕೂಡಿ ಕಾಳುಕಾಳಾಗಿದ್ದ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಬಿಡಿಯಾದ ಆ ನುಣ್ಣನೆಯ ಜೇಡಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನೀರು ಮೇಲೆ ನಿಲ್ಲಲು ಇದೇ ಕಾರಣ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಹೊಲಗಳು ಸವಳು ಹಿಡಿದ, ಅಂದರೆ ಲವಣದಿಂದ ಕೆಟ್ಟ ಬಗೆಯನ್ನು ತಾವು ನೋಡಿರಬಹುದು. ತಮ್ಮ ಹಿತ್ತಲಲ್ಲಿ ಅದೇ ಕ್ರಿಯೆ ಸಣ್ಣ ಪ್ರಮಾಣದಲ್ಲಿ ನಡೆದಿದೆ.

ಸೋಡಿಯಂ ಇದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ಮಳೆನೀರು, ಅದಿಲ್ಲದಿದ್ದರೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ತೆಗೆದುಕೊಂಡು, ಕಡಲೆಕಾಳಿನ ಗಾತ್ರದ ಒಣ ಹೆಂಟೆಯ ಚೂರೊಂದನ್ನು ಮೆಲ್ಲಗೆ ಅದರೊಳಗೆ ಬಿಡಬೇಕು. ಲೋಟವನ್ನು ಅಲುಗಾಡಿಸದೆ ಕೆಲವು ಗಂಟೆ ಇಟ್ಟು ನೋಡಬೇಕು. ಚೂರು ಕುಸಿದು ಪುಡಿಯಾಗಿದ್ದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಭಯವಿಲ್ಲ. ಚೂರಿನ ಸುತ್ತ ಮಬ್ಬು ಮಬ್ಬಾದ ಒಂದು ವಲಯ ಎದ್ದು, ನಿಧಾನವಾಗಿ ಲೋಟದ ತಳವನ್ನೆಲ್ಲ ಆವರಿಸಿದರೆ ಸೋಡಿಯಂ ಇದೆ ಎಂದೇ ಅರ್ಥ. ನಲ್ಲಿಯ ನೀರಿನಲ್ಲಿ ಈ ಪರೀಕ್ಷೆ ಮಾಡಬಾರದು; ಅದರಲ್ಲಿರುವ ಲವಣವೇ ಫಲಿತಾಂಶವನ್ನು ಕೆಡಿಸುತ್ತದೆ.

ಲೋಟದ ನೀರು ಮಬ್ಬಾದರೆ ಮಣ್ಣಿನ ಜೊತೆಗೆ ಕೊಳವೆಬಾವಿಯ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಸೋಡಿಯಂ ನಿಜವಾದರೆ ಅದಕ್ಕೆ ಮದ್ದು ಜಿಪ್ಸಂ. ಜಿಪ್ಸಂನ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಹೊರದೂಡಿ ಆ ಜಾಗದಲ್ಲಿ ಕೂರುತ್ತದೆ, ಹೊರಬಿದ್ದ ಸೋಡಿಯಂ ನೀರಿನೊಂದಿಗೆ ಕೆಳಗಿಳಿದು ಹೋಗುತ್ತದೆ. ಎರೆಯಲ್ಲಿ ಸುಣ್ಣ ಮೊದಲೇ ಇರುವಾಗ ಮತ್ತೆ ಕ್ಯಾಲ್ಸಿಯಂ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಆ ಸುಣ್ಣ ಕ್ಷಾರದಲ್ಲಿ ಕರಗುವುದಿಲ್ಲ, ಜಿಪ್ಸಂ ಕರಗುತ್ತದೆ, ವ್ಯತ್ಯಾಸ ಅಷ್ಟೇ. ಪ್ರಮಾಣವನ್ನು ಪರೀಕ್ಷೆಯ ವರದಿಯೇ ನಿರ್ಧರಿಸಬೇಕಾದರೂ, ಸಾಧಾರಣ ಸವಳಿಗೆ ಚದರ ಮೀಟರಿಗೆ ಅರ್ಧ ಕಿಲೋ ಆಸುಪಾಸು ಬೇಕಾಗುತ್ತದೆ, ಅಂದರೆ ತಮ್ಮ 50 ಚದರ ಮೀಟರ್ ಹಿತ್ತಲಿಗೆ ಸುಮಾರು 25 ಕಿಲೋ. ಅದನ್ನು ಮೇ ತಿಂಗಳ ಕೊನೆಯಲ್ಲಿ ಎರಚಿ, ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ ಬೆರೆಸಿ, ಮಳೆಯ ನೀರು ಮಡಿಯಲ್ಲೇ ನಿಂತು ಇಂಗುವಂತೆ ಸುತ್ತ ಬದು ಕಟ್ಟಬೇಕು. ಹೊರಬಿದ್ದ ಸೋಡಿಯಂ ಇಳಿದುಹೋಗಲು ಕೆಳಗೆ ದಾರಿ ಇರಬೇಕಾದ್ದರಿಂದ ತೋಟದ ತಗ್ಗಿನ ಬದಿಗೆ ಒಂದೂವರೆ ಎರಡು ಅಡಿ ಆಳದ ಸಣ್ಣ ಕಾಲುವೆ ತೋಡಿಡುವುದು ಅವಶ್ಯ. ಕಾಲುವೆ ಇಲ್ಲದೆ ಹಾಕಿದ ಜಿಪ್ಸಂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಲೋಟದ ನೀರು ತಿಳಿಯಾಗಿಯೇ ಉಳಿದಿದ್ದರೆ ಜಿಪ್ಸಂಗೆ ಹಣ ಹಾಕಬೇಡಿ.

ಮಾಳಿಗೆಯ ಮಳೆನೀರನ್ನು ತೋಟಕ್ಕೆ ತಿರುಗಿಸುವುದನ್ನು ಜಿಪ್ಸಂನಷ್ಟೇ ಮುಖ್ಯವೆಂದು ಭಾವಿಸಿ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಎರಡು ಸಾವಿರ ಲೀಟರಿಗೂ ಹೆಚ್ಚು ಲವಣರಹಿತ ನೀರು ಸಿಗುತ್ತದೆ. ಅದರ ಬದಲು ಹಲವರು ಮಾಡುವುದು ತದ್ವಿರುದ್ಧ: ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಬೀಳುವ ನೀರು ವ್ಯರ್ಥವಾಗಬಾರದೆಂದು ಅದನ್ನು ಮಡಿಗೆ ಬಿಡುತ್ತಾರೆ. ಕೊಳವೆಬಾವಿಯ ನೀರಿಗಿಂತಲೂ ಹೆಚ್ಚು ಲವಣ ತುಂಬಿದ ನೀರು ಅದು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿದರೆ ಸಾಕು. ನೀರನ್ನು ಮೆದುಗೊಳಿಸುವ ಯಂತ್ರ ಮನೆಯಲ್ಲಿದ್ದರೆ ಅದರ ನೀರನ್ನೂ ತೋಟಕ್ಕೆ ಬಿಡಬಾರದು. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ.

ಇನ್ನು ಸಾವಯವ ಅಂಶ. ಬೇರೆ ಕೆಲಸಗಳಿಗಿಂತ ಇದು ನಿಧಾನವಾದರೂ ಮಣ್ಣಿಗೆ ಕಸುವು ಬರುವುದು ಇದರಿಂದಲೇ. ಈ ಬಾರಿಯ ಮುಂಗಾರಿನಲ್ಲಿ ಅರ್ಧ ತೋಟಕ್ಕಾದರೂ ತರಕಾರಿಯ ಬದಲು ಡಯಂಚ ಎಂಬ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿರಿ. ಸೆಣಬೂ ಒಳ್ಳೆಯದೇ, ಆದರೆ ನೀರು ನಿಲ್ಲುವ ಸವಳು ಮಣ್ಣನ್ನು ತಾಳಿಕೊಳ್ಳುವುದು ಡಯಂಚ. ಮೃಗಶಿರಾ ಮಳೆಗೆ ಬಿತ್ತಿದರೆ ನಲವತ್ತು ನಲವತ್ತೈದು ದಿನಗಳಲ್ಲಿ ಸೊಂಟದೆತ್ತರ ಬೆಳೆಯುತ್ತದೆ. ಹೂ ಬಿಡುವ ಮೊದಲೇ, ಕಾಂಡ ಇನ್ನೂ ಉಗುರಿಗೆ ಚಿವುಟಲು ಬರುವಷ್ಟು ಮೆತ್ತಗಿರುವಾಗ ಕಡಿದು ಕೊಚ್ಚಿ ಮಣ್ಣಿಗೆ ಸೇರಿಸಬೇಕು. ಗಟ್ಟಿಯಾದ ಮೇಲೆ ಸೇರಿಸಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ. ಎರಡು ವಾರ ಬಿಟ್ಟು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಚದರ ಮೀಟರಿಗೆ ಐದು ಕಿಲೋದಂತೆ, ಒಟ್ಟು 250 ಕಿಲೋ ಹಾಕಿ ಹಿಂಗಾರಿನ ತರಕಾರಿ ಹಚ್ಚಬಹುದು. ಮುಂದಿನ ವರ್ಷಗಳಲ್ಲಿ ಇದರ ಅರ್ಧ ಸಾಕು. ಆರಂಭಕ್ಕೆ ಚವಳಿಕಾಯಿ, ಪಾಲಕ, ಬೀಟ್‌ರೂಟ್ ಮುಂತಾದ ಲವಣ ಸಹಿಸುವ ಬೆಳೆಗಳಿರಲಿ. ಉಳ್ಳಾಗಡ್ಡಿ, ಗಜ್ಜರಿ, ಬೀನ್ಸ್ ಈಗಲೇ ಬೇಡ. ಮಡಿಯ ಮೇಲೆ ಜೋಳದ ಕಣಿಕೆಯ ಚೂರನ್ನೋ ಶೇಂಗಾ ಹೊಟ್ಟನ್ನೋ ಮೂರು ಬೆರಳು ದಪ್ಪ ಹೊದಿಸಿದರೆ ಆವಿ ಕಡಿಮೆಯಾಗಿ ಲವಣ ಮೇಲೇರುವುದೂ ಕಡಿಮೆಯಾಗುತ್ತದೆ.

ಚಿಗುರೆಲೆಯ ಹಳದಿಗೆ ತಾತ್ಕಾಲಿಕ ಪರಿಹಾರವಾಗಿ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು ಅರ್ಧ ಲಿಂಬೆಯ ರಸ ಬೆರೆಸಿ, ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿರಿ. ಮಣ್ಣಿಗೆ ಹಾಕಿದರೆ ಪ್ರಯೋಜನವಿಲ್ಲ; ಈ ಕ್ಷಾರದಲ್ಲಿ ಅದೂ ಬೇಗ ಕಟ್ಟಿಕೊಳ್ಳುತ್ತದೆ. ಕೊನೆಯದಾಗಿ, ಎರೆ ಹಸಿಯಾಗಿರುವಾಗ ಸಲಿಕೆ ಹಾಕಬಾರದು, ಮಡಿಯೊಳಗೆ ಕಾಲಿಡಲೂಬಾರದು. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ಒಡೆದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಕುಳಿತರೆ ಇನ್ನೂ ಕಾಯಬೇಕು.

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಅಂಗಳಕ್ಕೆ ಗರಸು ತುಂಬಿಸಿದ್ದರು. ಕಟ್ಟಡದ ಕಾಮಗಾರಿಯ ಸಿಮೆಂಟು, ಇಟ್ಟಿಗೆ ಚೂರುಗಳೂ ಅದರಲ್ಲಿವೆ. ಎರೆಹುಳು ಗೊಬ್ಬರ ಎಷ್ಟು ಹಾಕಿದರೂ ಮೆಂತ್ಯೆ ಕೂಡ ಬರುವುದಿಲ್ಲ.
(ಗೃಹಿಣಿಯೊಬ್ಬರು, ಬಾಗಲಕೋಟೆ)

ಉತ್ತರ: ತಮ್ಮ ಅಂಗಳದಲ್ಲಿ ಕೆಟ್ಟಿರುವ ಮಣ್ಣಿಲ್ಲ, ಮಣ್ಣೇ ಇಲ್ಲ. ಪಾಯ ತೋಡುವಾಗ ಮೇಲ್ಮಣ್ಣು ಎಲ್ಲಿಯೋ ಹೋಗಿ, ಅದರ ಜಾಗದಲ್ಲಿ ಧಮ್ಮಸು ಹಾಕಿದ ಗರಸು ಕುಳಿತಿದೆ. ಗರಸು ರಸ್ತೆಗೆ ಒಳ್ಳೆಯದು, ಬೇರಿಗಲ್ಲ. ಇಂಥಲ್ಲಿ ದುಬಾರಿ ಎರೆಹುಳು ಗೊಬ್ಬರ ಸುರಿಯುವುದಕ್ಕಿಂತ ಏರುಮಡಿ ಮಾಡುವುದು ಒಳಿತು. ಮಡಿಯ ಜಾಗವನ್ನು ಹಾರೆಯಿಂದ ಒಂದು ಅಡಿ ಆಳಕ್ಕೆ ಒಡೆದು, ಸಿಮೆಂಟಿನ ಹೆಂಟೆಗಳನ್ನೆಲ್ಲ ಆರಿಸಿ ಹೊರಹಾಕಬೇಕು. ಅವು ಇರುವಷ್ಟು ಕಾಲ ಸುಣ್ಣ ಬಿಡುತ್ತಲೇ ಇರುತ್ತವೆ. ಒಡೆಯದೆ ಮೇಲೆ ಮಣ್ಣು ಹಾಕಿದರೆ ಮಳೆಗಾಲದಲ್ಲಿ ಗಟ್ಟಿ ಪದರದ ಮೇಲೆ ನೀರು ನಿಂತು ಬೇರು ಕೊಳೆಯುತ್ತದೆ. ಅನಂತರ ನಾಲ್ಕು ಅಡಿ ಅಗಲದ, ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಎರಡು ಪಾಲು ಮಣ್ಣಿಗೆ ಒಂದು ಪಾಲು ಕಳಿತ ತಿಪ್ಪೆಗೊಬ್ಬರದಂತೆ ತುಂಬಬೇಕು. ಅಗಲ ನಾಲ್ಕು ಅಡಿ ಮೀರಬಾರದು ಎನ್ನುವುದಕ್ಕೆ ಕಾರಣವಿದೆ: ಎರಡೂ ಬದಿಯಿಂದ ಕೈ ಎಟುಕಿದರೆ ಮಡಿಯನ್ನು ತುಳಿಯುವ ಪ್ರಸಂಗವೇ ಬರುವುದಿಲ್ಲ.

ತುಂಬುವ ಮಣ್ಣು ಮಸಾರಿ (ಕೆಂಪು ಮಣ್ಣು) ಆದರೆ ಉತ್ತಮ, ಮಸಾರಿ ಮತ್ತು ಎರೆ ಎರಡರ ಬೆರಕೆಯಾದರೆ ಇನ್ನೂ ಉತ್ತಮ. ಬರೀ ಎರೆ ಸಿಕ್ಕರೆ ಅದನ್ನು ಸಡಿಲಗೊಳಿಸಲು ಹಲವರು ಒಂದೆರಡು ಬುಟ್ಟಿ ಮರಳು ಬೆರೆಸುತ್ತಾರೆ. ಅಷ್ಟರಿಂದ ಏನೂ ಆಗುವುದಿಲ್ಲ. ಜೇಡಿಯ ಸ್ವಭಾವ ಬದಲಾಗಬೇಕಾದರೆ ಮರಳು ಮಣ್ಣಿನ ಅರ್ಧದಷ್ಟಾದರೂ ಬೇಕು. ಆ ಖರ್ಚನ್ನು ಗೊಬ್ಬರಕ್ಕೆ ಹಾಕುವುದು ಜಾಣತನ. ಕೆರೆಯ ಹೂಳು ತರಿಸುವುದಾದರೆ ಲವಣದ ಪರೀಕ್ಷೆ ಮಾಡಿಸದೆ ತರಿಸಬೇಡಿ.

ಪ್ರಶ್ನೆ: ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚು. ಅಲ್ಲಿಯ ಮಡ್ಡಿ (ಪ್ರೆಸ್‌ಮಡ್) ಮತ್ತು ಹೊಲದ ರವದಿ (ಕಬ್ಬಿನ ಒಣ ಸೋಗೆ) ಸುಲಭವಾಗಿ ಸಿಗುತ್ತವೆ. ಕೈತೋಟಕ್ಕೆ ಇವುಗಳನ್ನು ನೇರವಾಗಿ ಹಾಕಬಹುದೇ?
(ಮುಧೋಳ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಎರಡೂ ಒಳ್ಳೆಯ ವಸ್ತುಗಳೇ, ನೇರವಾಗಿ ಮಾತ್ರ ಹಾಕಬಾರದು. ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯಲ್ಲಿ ಸಾವಯವ ಅಂಶ, ರಂಜಕ, ಕ್ಯಾಲ್ಸಿಯಂ ಚೆನ್ನಾಗಿವೆ. ರಸವನ್ನು ಗಂಧಕದ ಹೊಗೆಯಿಂದ ಶುದ್ಧಗೊಳಿಸುವ ಕಾರ್ಖಾನೆಯ ಮಡ್ಡಿಯಲ್ಲಿ ಗಂಧಕವೂ ಇರುವುದರಿಂದ ಎರೆ ಮಣ್ಣಿಗೆ ಅದು ವಿಶೇಷವಾಗಿ ಹೊಂದುತ್ತದೆ. ಆದರೆ ಹಸಿ ಮಡ್ಡಿಯ ರಾಶಿಯೊಳಗೆ ಕೈ ಹಾಕಿ ನೋಡಿದರೆ ತಡೆಯಲಾರದಷ್ಟು ಬಿಸಿ ಇರುತ್ತದೆ. ಆ ಕಾವಿನಲ್ಲಿ ಎಳೆಯ ಬೇರು ಉಳಿಯದು. ನೆರಳಿನಲ್ಲಿ ರಾಶಿ ಮಾಡಿ, ತಿಂಗಳಿಗೊಮ್ಮೆ ತಿರುವುತ್ತ, ಮೂರು ನಾಲ್ಕು ತಿಂಗಳು ಬಿಟ್ಟು, ಬಿಸಿಯೂ ಹುಳಿ ವಾಸನೆಯೂ ಹೋಗಿ ಕಪ್ಪು ಪುಡಿಯಾದ ಮೇಲೆ ಬಳಸಬೇಕು. ಇನ್ನೊಂದು ಎಚ್ಚರಿಕೆ: ಮದ್ಯಸಾರ ಘಟಕವೂ ಇರುವ ಕಾರ್ಖಾನೆಗಳಲ್ಲಿ ಅದರ ತ್ಯಾಜ್ಯ ದ್ರವವನ್ನು ಮಡ್ಡಿಯ ಮೇಲೆ ಸಿಂಪಡಿಸಿ ಗೊಬ್ಬರ ತಯಾರಿಸುವ ರೂಢಿಯಿದೆ. ಅಂಥ ಗೊಬ್ಬರದಲ್ಲಿ ಪೊಟ್ಯಾಷ್ ಮತ್ತು ಲವಣ ಹೆಚ್ಚು. ಎಕರೆಗಟ್ಟಲೆ ಹೊಲದಲ್ಲಿ ಅದು ನಡೆಯುತ್ತದೆ, ಸವಳಿನ ಸೂಚನೆಯಿರುವ ಹಿತ್ತಲಲ್ಲಿ ನಡೆಯುವುದಿಲ್ಲ. ತರುವಾಗ ಯಾವ ಬಗೆಯದೆಂದು ಕೇಳಿಯೇ ತನ್ನಿರಿ.

ರವದಿಯನ್ನು ಸುಡುವವರೇ ಹೆಚ್ಚಾಗಿರುವಾಗ ತಾವು ಅದನ್ನು ಮಣ್ಣಿಗೆ ಸೇರಿಸಬೇಕೆಂದು ಯೋಚಿಸಿರುವುದು ಸಂತೋಷದ ವಿಷಯ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಹಾಗೆಯೇ ಮಣ್ಣಿನಲ್ಲಿ ಹೂತರೆ ಅದನ್ನು ಕೊಳೆಯಿಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನು ಬಳಸಿಕೊಂಡು ತರಕಾರಿಯನ್ನು ಉಪವಾಸ ಕೆಡಹುತ್ತವೆ. ಮೇಲೆ ಹೊದಿಕೆಯಾಗಿ ಹರಡಿದರೆ ಈ ತೊಂದರೆಯಿಲ್ಲ. ಗೊಬ್ಬರವನ್ನೇ ಮಾಡಬೇಕೆಂದಿದ್ದರೆ ಗೇಣುದ್ದಕ್ಕೆ ಕತ್ತರಿಸಿ, ಒಂದು ಪದರ ರವದಿ, ಅದರ ಮೇಲೆ ಅಡುಗೆಮನೆಯ ಹಸಿ ಕಸ ಅಥವಾ ಮಡ್ಡಿ, ಅದರ ಮೇಲೆ ಸಗಣಿ ಬಗ್ಗಡ, ಹೀಗೆ ಒಟ್ಟುತ್ತ ಹೋಗಬೇಕು. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಮೂರು ಅಡಿಗಿಂತ ಚಿಕ್ಕದಾದರೆ ಕಾವೇರುವುದಿಲ್ಲ, ಕಾವೇರದಿದ್ದರೆ ಕಳೆಯ ಬೀಜ ಸಾಯುವುದಿಲ್ಲ. ಹಿಡಿ ತೆಗೆದು ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಬೀಳಬೇಕು. ಧಾರೆ ಸುರಿದರೆ ನೀರು ಹೆಚ್ಚಾಗಿದೆ, ಒಣ ರವದಿ ಸೇರಿಸಬೇಕು. ಕೆಟ್ಟ ವಾಸನೆಗೂ ನೊಣಕ್ಕೂ ಸಾಮಾನ್ಯವಾಗಿ ಇದೇ ಕಾರಣವೆಂಬುದನ್ನು ಗೋಕಾಕ ಮತ್ತು ಚಿಕ್ಕೋಡಿಗಳಿಂದ ಆ ಕುರಿತು ಬರೆದವರೂ ಗಮನಿಸಬೇಕು.

ಪ್ರಶ್ನೆ: ನಾವು ಖಾನಾಪುರದವರು. ನಮ್ಮದು ಕೆಂಪು ಮಣ್ಣು, ಮಳೆ ಹೆಚ್ಚು. ವಿಜಯಪುರದಲ್ಲಿರುವ ನಮ್ಮ ಸಂಬಂಧಿಕರು ಬೂದಿ, ಸುಣ್ಣ ಮುಟ್ಟಲೇಬೇಡಿ ಎನ್ನುತ್ತಾರೆ. ಊರಿನ ಹಿರಿಯರು ಬೂದಿ ಹಾಕದೆ ಬೆಳೆಯೇ ಬರುವುದಿಲ್ಲ ಎನ್ನುತ್ತಾರೆ. ಯಾರ ಮಾತು ಸರಿ?
(ಖಾನಾಪುರದ ಓದುಗರೊಬ್ಬರು)

ಉತ್ತರ: ಅವರವರ ನೆಲದಲ್ಲಿ ಇಬ್ಬರ ಮಾತೂ ಸರಿ. ಸಹ್ಯಾದ್ರಿಯ ಸೆರಗಿನಲ್ಲಿರುವ ಖಾನಾಪುರದಲ್ಲಿ ಮಳೆಯು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ, ಹೀಗಾಗಿ ಮಣ್ಣು ಹುಳಿಯಾಗುತ್ತದೆ. ಅಲ್ಲಿ ರಂಜಕವನ್ನು ಕಟ್ಟಿಹಾಕುವುದು ಸುಣ್ಣವಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆದ್ದರಿಂದ ತಮ್ಮ ಊರಿನ ಹಿರಿಯರು ಹಾಕುವ ಬೂದಿ ಹುಳಿಯನ್ನು ತಗ್ಗಿಸಿ ಪೊಟ್ಯಾಷ್ ಅನ್ನೂ ಕೊಡುತ್ತದೆ. ರಸಸಾರ 5.5ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣವನ್ನು ಚದರ ಮೀಟರಿಗೆ 200ರಿಂದ 400 ಗ್ರಾಂ ಎರಚಿ ಬೆರೆಸಿ, ಎರಡು ಮೂರು ವಾರಗಳ ನಂತರ ಬಿತ್ತನೆ ಮಾಡಬಹುದು. ಸುಣ್ಣವನ್ನೂ ತಿಪ್ಪೆಗೊಬ್ಬರವನ್ನೂ ಒಂದೇ ದಿನ ಕೂಡಿಸಿ ಹಾಕಬೇಡಿ. ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ವಿಜಯಪುರದಲ್ಲಿ ವ್ಯರ್ಥವಾಗುವ ಮೂಳೆಪುಡಿ ತಮ್ಮಲ್ಲಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಬರಿ ಮಣ್ಣು ಬಿಡದೆ ಯಾವುದಾದರೂ ಬೆಳೆ ಅಥವಾ ಸೊಪ್ಪಿನ ಹೊದಿಕೆ ಇರುವಂತೆ ನೋಡಿಕೊಂಡರೆ ಹಾಕಿದ್ದು ಮಳೆಯೊಂದಿಗೆ ಹೋಗುವುದು ಕಡಿಮೆಯಾಗುತ್ತದೆ. ಬೆಳಗಾವಿ ಜಿಲ್ಲೆಯಲ್ಲೇ ಪೂರ್ವಕ್ಕೆ ಅಥಣಿಯತ್ತ ಹೋದರೆ ಈ ಸಲಹೆಗಳೆಲ್ಲ ತಲೆಕೆಳಗಾಗುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಟೊಮೆಟೊ, ಬದನೆ, ಬೆಂಡೆ ಗಿಡಗಳು ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತವೆ, ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳಿವೆ. ಬೇರುಗಂಟು ಇದ್ದರೆ ಮಣ್ಣಿಗೆ ಸಾರಜನಕ ಸೇರುತ್ತದೆ ಎಂದು ಕೇಳಿದ್ದೇವೆ. ಹಾಗಿದ್ದರೂ ಫಸಲು ಏಕೆ ಇಲ್ಲ?
(ಜಮಖಂಡಿಯ ಓದುಗರೊಬ್ಬರು)

ಉತ್ತರ: ಸಾರಜನಕ ಸೇರಿಸುವ ಗಂಟುಗಳು ಇರುವುದು ಅಲಸಂದೆ, ಹೆಸರು, ಶೇಂಗಾ, ಚವಳಿಕಾಯಿಯಂಥ ದ್ವಿದಳ ಗಿಡಗಳ ಬೇರಿನಲ್ಲಿ. ಅವು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿದ್ದು, ಉಗುರು ತಾಗಿಸಿದರೆ ಕಳಚಿ ಬೀಳುತ್ತವೆ. ಒಡೆದು ನೋಡಿದರೆ ಒಳಗೆ ನಸುಗೆಂಪು ಇರುತ್ತದೆ. ಟೊಮೆಟೊ, ಬದನೆ, ಬೆಂಡೆಯ ಬೇರಿನಲ್ಲಿ ತಾವು ಕಂಡದ್ದು ಬೇರು ತಾನೇ ಬಾತುಕೊಂಡು ಆದ ಗಂಟು, ಕೀಳಲು ಹೋದರೆ ಬೇರು ಹರಿಯುತ್ತದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳುವಿನ ಹಾವಳಿ. ಗೊಬ್ಬರ ಎಷ್ಟಿದ್ದರೂ ಇಂಥ ಬೇರು ಅದನ್ನು ಹೀರಲಾರದು.

ಗಂಟಾದ ಬೇರುಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ಒಣಗಿಸಿ ಸುಟ್ಟುಬಿಡಿ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳ ಬಿಸಿಲು ಈ ಹುಳುವಿಗೆ ದೊಡ್ಡ ಶತ್ರು: ಮಡಿಯನ್ನು ಅಗೆದು, ನೀರು ಹಾಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಗಾಳಿ ಸೇರದಂತೆ ಹೊದಿಸಿ ಅಂಚಿಗೆ ಮಣ್ಣು ಒತ್ತಿ, ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಲ್ಲಿ ಮಣ್ಣು ಹೆಚ್ಚು ಕಾಯುತ್ತದೆ. ಹಾಳೆ ತೆಗೆದ ಮೇಲೆ ಬೇವಿನ ಹಿಂಡಿಯನ್ನು ಚದರ ಮೀಟರಿಗೆ 100ರಿಂದ 200 ಗ್ರಾಂ ಬೆರೆಸಿ, ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ತಿಪ್ಪೆಗೊಬ್ಬರ ಕೊಡಿ. ಒಂದು ಹಂಗಾಮು ಪೂರ್ತಿ ಆ ಮಡಿಯಲ್ಲಿ ಚೆಂಡುಹೂವನ್ನೇ ಒತ್ತಾಗಿ ಬೆಳೆಯಿರಿ. ಬದನೆಯ ನಡುವೆ ಅಲ್ಲೊಂದು ಇಲ್ಲೊಂದು ಹಚ್ಚಿದರೆ ಕಣ್ಣಿಗೆ ಚೆಂದ, ಹುಳುವಿಗೆ ಲೆಕ್ಕಕ್ಕಿಲ್ಲ. ಅದರ ನಂತರ ಎಳ್ಳು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಂದು, ಮೂರನೆಯ ಸರದಿಗೆ ಬದನೆ ಬರಲಿ.

ಪ್ರಶ್ನೆ: ಜೀವಾಮೃತವೊಂದನ್ನೇ ಕೊಟ್ಟರೆ ಕೈತೋಟಕ್ಕೆ ಬೇರೆ ಗೊಬ್ಬರ ಬೇಡವೇ?
(ಇಂಡಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಬೇಕು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗೋಮೂತ್ರ, ತಲಾ 2 ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ಹಾಕಿ ಮಾಡುವ ಜೀವಾಮೃತವನ್ನು ಒಂದು ಎಕರೆಗೆ ಹೇಳಲಾಗಿದೆ. ಅದರಲ್ಲಿರುವ ಪೋಷಕಾಂಶವನ್ನು ಲೆಕ್ಕ ಹಾಕಿದರೆ ಅತ್ಯಲ್ಪ. ಅದು ಜೀವಾಣುಗಳನ್ನು ಚುರುಕುಗೊಳಿಸಬಹುದು, ಆದರೆ ಆ ಜೀವಾಣುಗಳಿಗೆ ತಿನ್ನಲು ಮಣ್ಣಿನಲ್ಲಿ ಸಾವಯವ ವಸ್ತು ಇರಬೇಕು. ಹೊದಿಕೆ ಮತ್ತು ತಿಪ್ಪೆಗೊಬ್ಬರ ಇರುವ ಮಡಿಗೆ ಜೀವಾಮೃತ ಕೊಡಿ. ಬರಿ ಮಡಿಗೆ ಕೊಟ್ಟು ಕಾಯುತ್ತ ಕೂರಬೇಡಿ.

ಪ್ರಶ್ನೆ: ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು ಹೇಗೆ, ಕೊಡುವುದು ಎಲ್ಲಿ?
(ಹಲವು ಓದುಗರು)

ಉತ್ತರ: ಗೊಬ್ಬರ ಹಾಕುವ ಮೊದಲು, ಬೆಳೆ ಇಲ್ಲದ ಸಮಯದಲ್ಲಿ ಮಾದರಿ ತೆಗೆಯಬೇಕು. ಮೇಲಿನ ಕಸಕಡ್ಡಿ ಸರಿಸಿ, ತೋಟದ ಎಂಟು ಹತ್ತು ಕಡೆ ಒಂದು ಗೇಣಿಗಿಂತ ಕಡಿಮೆ ಆಳಕ್ಕೆ, ಅಂದರೆ ಆರು ಇಂಚಿಗೆ ಇಳಿಜಾರಾಗಿ ಗುಣಿ ತೆಗೆದು, ಗುಣಿಯ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳನ್ನು ಕೆರೆದುಕೊಳ್ಳಬೇಕು. ಗೊಬ್ಬರದ ಗುಂಡಿಯ ಬದಿ, ಗೋಡೆಯ ಬುಡ, ಬಚ್ಚಲ ನೀರು ಹರಿಯುವ ಜಾಗ ಬೇಡ. ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ, ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಆರಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಗೊಬ್ಬರದ ಖಾಲಿ ಚೀಲ ಬಳಸಬಾರದು. ಚೆನ್ನಾಗಿರುವ ಮಡಿ ಮತ್ತು ಕೆಟ್ಟಿರುವ ಮಡಿ ಎರಡೂ ಇದ್ದರೆ ಮಾದರಿಯೂ ಎರಡಾಗಬೇಕು. ಕೂಡಿಸಿದರೆ ವರದಿಯಿಂದ ಏನೂ ತಿಳಿಯದು.

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಮಾದರಿ ಎಲ್ಲಿ ಕೊಡಬೇಕೆಂದು ಹೇಳುತ್ತಾರೆ. ಬಾಗಲಕೋಟೆಯವರಿಗೆ ಊರಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ವಿಜಯಪುರದವರಿಗೆ ಹಿಟ್ಟಿನಹಳ್ಳಿಯ ಕೃಷಿ ಕೇಂದ್ರ ಹತ್ತಿರ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ಅವುಗಳಲ್ಲಿ ಮೊದಲು ರಸಸಾರ, ಲವಣಾಂಶ, ಸಾವಯವ ಇಂಗಾಲ ಈ ಮೂರನ್ನು ಓದಿ, ಉಳಿದವುಗಳತ್ತ ಆಮೇಲೆ ಹೋಗಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಅದು ಕೊರತೆ, ಶೇ. 0.75 ಮೀರಿದರೆ ಉತ್ತಮ. ಸೋಡಿಯಂ ಮತ್ತು ಜಿಪ್ಸಂ ಪ್ರಮಾಣ ಆ ಹನ್ನೆರಡರಲ್ಲಿ ಬರುವುದಿಲ್ಲವಾದ್ದರಿಂದ, ಲೋಟದ ಪರೀಕ್ಷೆಯಲ್ಲಿ ನೀರು ಮಬ್ಬಾಗಿದ್ದರೆ ಮಾದರಿ ಕೊಡುವಾಗಲೇ ಅದನ್ನು ಪ್ರತ್ಯೇಕವಾಗಿ ಕೇಳಿ ಬರೆಸಬೇಕು.